ಗವಾನ್ ಮದರಸಾದಿಂದ ಚೌಬಾರಾಕ್ಕೆ: ಬೀದರಿನ ಬಣ್ಣದ ಗೋಡೆಗಳ ಓಣಿಗಳಲ್ಲಿ

ಬೀದರಿನ ಹಳೆ ಊರು ನೋಡಬೇಕೆಂದರೆ ಕೋಟೆಯಿಂದ ಶುರು ಮಾಡಬ್ಯಾಡ್ರಿ. ಬಂದವರೆಲ್ಲ ಮಾಡುವುದು ಅದನ್ನೇ. ಕೋಟೆ ತಿರುಗಿ ಹೊರಗೆ ಬರುವಷ್ಟರಲ್ಲಿ ಬಿಸಿಲು ಏರಿರುತ್ತದೆ, ಕಾಲು ಸೋತಿರುತ್ತವೆ, ಓಣಿಗಳು ಹಾಗೇ ಉಳಿದುಬಿಡುತ್ತವೆ. ಬೆಳಗ್ಗೆ ಏಳರ ಸುಮಾರಿಗೆ ಮಹಮೂದ್ ಗವಾನ್ ಮದರಸಾದ ಎದುರು ಬಂದು ನಿಲ್ರಿ. ಆ ಕಟ್ಟಡದ ಮುಖ ಇರುವುದು ಪೂರ್ವಕ್ಕೆ. ಹೊತ್ತು ಹುಟ್ಟಿದ ಮೇಲೆ ಎರಡು ಮೂರು ತಾಸು ನೇರ ಬೆಳಕು ಗೋಡೆಗೆ ಕೂಡಿಸಿದ ಬಣ್ಣದ ಹೆಂಚುಗಳ ಮೇಲೆ ಬೀಳುತ್ತದೆ. ಮಧ್ಯಾಹ್ನದ ನಂತರ ಅದೇ ಗೋಡೆ ನೆರಳಿಗೆ ಹೋಗಿ ನೀಲಿ, ಹಸಿರು ಎಲ್ಲಾ ಒಂದೇ ಬೂದು ಬಣ್ಣವಾಗಿ ಕಾಣುತ್ತದೆ. ಗೇಟು ಇನ್ನೂ ತೆರೆದಿಲ್ಲವೆಂದರೂ ಚಿಂತೆ ಇಲ್ಲ, ಮುಂಭಾಗ ರಸ್ತೆಯಿಂದಲೇ ಕಾಣುತ್ತದೆ.

ಈ ವಿಡಿಯೊದಲ್ಲಿ ಈಗ ಕ್ಯಾಮೆರಾ ನಿಧಾನವಾಗಿ ಮೇಲೆ ಹೋಗುತ್ತಿರುವುದು ಉಳಿದಿರುವ ಒಂದೇ ಮಿನಾರಿನ ಮೇಲೆ. ಬಹಮನಿ ಸುಲ್ತಾನರ ವಜೀರನಾಗಿದ್ದ, ಇರಾನಿನ ಗೀಲಾನ್ ಕಡೆಯಿಂದ ಬಂದ ಗವಾನ್ ಈ ಮದರಸಾವನ್ನು ಕಟ್ಟಿಸಿದ್ದು 1472ರಲ್ಲಿ. ಮೂರಂತಸ್ತು, 205 ಅಡಿ ಉದ್ದ, 180 ಅಡಿ ಅಗಲ. 1696ರ ಸ್ಫೋಟದಲ್ಲಿ ಮುಂಭಾಗದ ದೊಡ್ಡ ಪಾಲು, ಜೋಡಿ ಮಿನಾರಿನಲ್ಲಿ ಇನ್ನೊಂದು, ದಕ್ಷಿಣದ ಕೋಣೆಗಳು ಹೋದವು. ಮಿನಾರಿನ ಮೈ ಮೇಲೆ ಅಂಕುಡೊಂಕಾಗಿ ಓಡುವ ಬಣ್ಣದ ಪಟ್ಟಿಗಳನ್ನು ಎಲ್ಲರೂ ನೋಡುತ್ತಾರೆ. ನೀವು ಹೆಂಚು ಉದುರಿದ ಜಾಗಗಳನ್ನೂ ನೋಡ್ರಿ. ಅಲ್ಲಿ ಗಚ್ಚಿನ ಹಾಸು ಬಯಲಾಗಿದೆ, ಹೆಂಚಿನಂಚು ಕೂತಿದ್ದ ಗೆರೆ ಇನ್ನೂ ಇದೆ. ಹೆಂಚಿನ ಬಣ್ಣ ಮಾಸುವುದಿಲ್ಲ, ಯಾಕೆಂದರೆ ಅದು ಬೆಂಕಿಯಲ್ಲಿ ಕರಗಿದ ಗಾಜಿನ ಪದರ. ಹೋದರೆ ಇಡೀ ಹೆಂಚೇ ಹೋಗುತ್ತದೆ: ಸಂದಿಯಿಂದ ಇಳಿದ ಮಳೆನೀರು ಹಿಂದಿನ ಸುಣ್ಣವನ್ನು ಸಡಿಲಿಸುತ್ತದೆ, ಒಂದು ದಿನ ತುಂಡು ಕೆಳಗೆ ಬೀಳುತ್ತದೆ.

ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡೇ ಮುಂದೆ ನಡೀರಿ. ಈ ಊರಿನಲ್ಲಿ ಬಣ್ಣ ಕೆಡಿಸುವುದು ಬಿಸಿಲಿಗಿಂತ ಹೆಚ್ಚಾಗಿ ನೀರು, ಮತ್ತು ಯಾವ ಗೋಡೆ ಹೇಗೆ ಕೆಟ್ಟಿದೆ ಅನ್ನುವುದರಿಂದಲೇ ಅದು ಏನರಿಂದ ಕಟ್ಟಿದ್ದು, ಮೇಲೆ ಏನು ಹಚ್ಚಿದ್ದು ಅಂತ ಗೊತ್ತಾಗುತ್ತದೆ.

ಫೋಟೊ ತೆಗೆಯುವವರಿಗೆ ಒಂದು ಮಾತು. ಹೆಂಚಿಗೆ ಎದುರೆದುರೇ ನಿಂತರೆ ಹೊಳಪು ಬಣ್ಣವನ್ನು ತಿಂದುಬಿಡುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ಹಿಡೀರಿ, ಮೊಬೈಲಿನ ಕ್ಯಾಮೆರಾದಲ್ಲಿ ಬೆಳಕನ್ನು (ಎಕ್ಸ್‌ಪೋಶರ್) ಸ್ವಲ್ಪ ಇಳಿಸಿರಿ.

ಮದರಸಾದಿಂದ ಚೌಬಾರಾಕ್ಕೆ ಹೋಗುವ ರಸ್ತೆಯಲ್ಲೇ ತಖ್ತ್-ಎ-ಕಿರ್ಮಾನಿ ಸಿಗುತ್ತದೆ. ಕಿರ್ಮಾನಿನ ಸೂಫಿ ಖಲೀಲುಲ್ಲಾ ಅವರ ಹೆಸರಿನ ಜಾಗ. ಇಲ್ಲಿ ಹೆಂಚಿಲ್ಲ, ಗಚ್ಚಿನಲ್ಲೇ ಕೆತ್ತಿದ ಅಲಂಕಾರ ಇದೆ. ಕಮಾನಿನ ಮೇಲಿನ ಸುತ್ತುಗಳ ಅಂಚು ಎಷ್ಟು ಚೂಪಾಗಿದೆ ನೋಡಿಕೊಂಡು ಮುಂದೆ ಹೋಗ್ರಿ, ಇಲ್ಲಿ ಹೆಚ್ಚು ಹೊತ್ತು ಬೇಡ.

ಚೌಬಾರಾ ಎಂದರೆ ನಾಲ್ಕು ರಸ್ತೆ ಕೂಡುವಲ್ಲಿ ನಿಂತ ದುಂಡನೆಯ ಕಾವಲು ಗೋಪುರ. 71 ಅಡಿ ಎತ್ತರ, ಒಳಗೆ ಸುತ್ತಿ ಹತ್ತುವ 80 ಮೆಟ್ಟಿಲು. ಮೇಲೆ ಬಿಡುತ್ತಾರೆ ಅನ್ನುವ ಭರವಸೆ ಇಟ್ಟುಕೊಂಡು ಹೋಗಬ್ಯಾಡ್ರಿ; ಕೆಳಗೆ ನಿಂತರೂ ಊರಿನ ಲೆಕ್ಕ ಅರ್ಥವಾಗುತ್ತದೆ. ಹಳೆ ಬೀದರಿನಲ್ಲಿ ನಾಲ್ಕು ತಾಲೀಮುಗಳು: ಸಿದ್ದೀಕ್ ಶಾಹ್, ನೂರ್ ಖಾನ್, ಮನಿಯಾರ್, ಪನ್ಸಾಲ್. ತಾಲೀಮು ಅಂದರೆ ಕುಸ್ತಿ, ಕಸರತ್ತಿನ ಗರಡಿ. ಓಣಿಗಳು ಇವತ್ತಿಗೂ ಆ ಹೆಸರಿನಿಂದಲೇ ನಡೆಯುತ್ತವೆ, ಹಾಗಾಗಿ ದಾರಿ ಕೇಳುವಾಗ ರಸ್ತೆ ನಂಬರು ಕೇಳದೆ ತಾಲೀಮಿನ ಹೆಸರು ಹೇಳ್ರಿ. ಮೊಬೈಲಿನ ನಕ್ಷೆ ಈ ಸಂದಿಗಳಲ್ಲಿ ಆಗಾಗ ಎಡವುತ್ತದೆ. ದಾರಿ ಅಂತ ತೋರಿಸಿದ್ದು ಯಾರದೋ ಅಂಗಳಕ್ಕೆ ಹೋಗಿ ಮುಗಿಯಬಹುದು. ಕನ್ನಡ, ದಖ್ಖನಿ ಉರ್ದು, ಮರಾಠಿ, ತೆಲುಗು, ಯಾವುದರಲ್ಲಿ ಕೇಳಿದರೂ ಉತ್ತರ ಸಿಗುತ್ತದೆ.

ಈಗ ಮನೆಗಳ ಮಾತು. ಮುಖ್ಯರಸ್ತೆ ಬಿಟ್ಟು ಒಳಗೆ ಹೊಕ್ಕ ಕೂಡಲೇ ಗೋಡೆಗಳು ನೀಲಿ, ತಿಳಿ ಹಸಿರು, ಹಳದಿ, ಗುಲಾಬಿ. ಆ ಬಣ್ಣ ಸುಲಿದಲ್ಲೆಲ್ಲ ಒಳಗಿನಿಂದ ಕೆಂಪು ಕಲ್ಲು ಇಣುಕುತ್ತದೆ. ಬೀದರ್ ಕೂತಿರುವುದೇ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ನೆಲದಿಂದ ತೆಗೆದಾಗ ಈ ಕಲ್ಲು ಮೆತ್ತಗಿರುತ್ತದೆ, ಕೊಡಲಿಯಂಥ ಹತ್ಯಾರದಿಂದ ಕತ್ತರಿಸಬಹುದು. ಗಾಳಿ ಬಿಸಿಲಿಗೆ ಬಿಟ್ಟರೆ ಕಬ್ಬಿಣದ ಅಂಶ ಗಟ್ಟಿಯಾಗಿ ಕಲ್ಲು ಬಿಗಿಯುತ್ತದೆ. ಆದರೆ ಮೈತುಂಬ ರಂಧ್ರ. ನೆಲದ ತೇವವನ್ನು ಹೀರಿ ಮೇಲಕ್ಕೆ ಎಳೆಯುತ್ತದೆ. ಈ ಕಲ್ಲಿಗೆ ಹಳಬರು ಸುಣ್ಣದ ಗಾರೆ, ಅದರ ಮೇಲೆ ಸುಣ್ಣದ ಬಣ್ಣ ಹಚ್ಚಿದ್ದು ಸುಮ್ಮನೆ ಅಲ್ಲ. ಸುಣ್ಣ ಆ ತೇವವನ್ನು ಹೊರಗೆ ಬಿಡುತ್ತದೆ.

ಈ ಗೋಡೆಯನ್ನು ಹತ್ತಿರದಿಂದ ತೋರಿಸುತ್ತೇವೆ. ಒಂದೇ ಮನೆಯ ಒಂದೇ ಗೋಡೆ. ಎಡಗಡೆ ಹಳೆ ಸುಣ್ಣ: ಬಣ್ಣ ತೆಳುವಾಗಿದೆ, ಪದರ ಪದರವಾಗಿ ಮೇಲೆ ನೀಲಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಬಿಳಿ, ಉದುರಿದ್ದರೂ ಪುಡಿಯಾಗಿ ಉದುರಿದೆ, ಗೋಡೆ ಗಟ್ಟಿ. ಬಲಗಡೆ ಮೊಳಕಾಲೆತ್ತರದವರೆಗೆ ಸಿಮೆಂಟು ಬಳಿದು ಮೇಲೆ ಆಯಿಲ್ ಪೇಂಟು ಹೊಡೆದಿದ್ದಾರೆ. ತೇವಕ್ಕೆ ಅಲ್ಲಿ ಹೊರದಾರಿ ಇಲ್ಲ, ಅದು ಸಿಮೆಂಟಿನ ಹಿಂದೆಯೇ ಮೇಲೇರಿ, ಸಿಮೆಂಟು ಮುಗಿಯುವ ಗೆರೆಯ ಮೇಲೆ ಹೊರಬಿದ್ದಿದೆ. ಆ ಗೆರೆಯುದ್ದಕ್ಕೂ ಬಿಳಿ ಉಪ್ಪು, ಅದರ ಸುತ್ತ ಉಬ್ಬಿದ ಪೇಂಟು. ಉಪ್ಪು ಹರಳುಗಟ್ಟುವಾಗ ಕಲ್ಲಿನ ಮೈಯನ್ನೇ ಒಡೆಯುತ್ತದೆ. ಬೆರಳಿನಿಂದ ಒತ್ತಿದರೆ ಕೆಂಪು ಪುಡಿ ಬರುವುದು ಇಂಥಲ್ಲೇ. ಒತ್ತಬ್ಯಾಡ್ರಿ, ಅದು ಇನ್ನೊಬ್ಬರ ಮನೆ.

ಸುಣ್ಣದ ಬಣ್ಣ ಮಾಡುವುದು ಕಷ್ಟವಲ್ಲ, ಕೆಡಿಸುವುದು ಇನ್ನೂ ಸುಲಭ. ಅರಳಿಸಿದ ಸುಣ್ಣವನ್ನು ಕಮ್ಮಿ ಅಂದರೂ ಒಂದು ರಾತ್ರಿ, ಸಾಧ್ಯವಾದರೆ ವಾರಗಟ್ಟಲೆ ನೀರಿನಲ್ಲಿ ನೆನೆಯಬಿಟ್ಟು, ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಬೇಕು. ನೀಲಿ ಪುಡಿಯನ್ನಾಗಲಿ ಕೆಮ್ಮಣ್ಣನ್ನಾಗಲಿ ಬೇರೆ ನೀರಿನಲ್ಲಿ ಕದಡಿ ಆಮೇಲೆ ಸೇರಿಸಬೇಕು, ಒಣ ಪುಡಿ ನೇರ ಹಾಕಿದರೆ ಗೋಡೆ ಮೇಲೆ ಗೆರೆ ಏಳುತ್ತವೆ. ಬಣ್ಣ ಸುಣ್ಣದ ತೂಕದ ಹತ್ತನೇ ಒಂದು ಭಾಗ ಮೀರಬಾರದು, ಮೀರಿದರೆ ಕೈಗೆ, ಅಂಗಿಗೆ ಅಂಟುತ್ತದೆ. ಹಚ್ಚುವ ಮುಂಚೆ ಗೋಡೆಗೆ ನೀರು ಚಿಮುಕಿಸಬೇಕು. ಕಾದ ಗೋಡೆ ಸುಣ್ಣದ ನೀರನ್ನು ಒಮ್ಮೆಲೇ ಹೀರಿಕೊಂಡರೆ ಅದು ಗಾಳಿಯೊಂದಿಗೆ ಕೂಡಿ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗಿ ಉಳಿಯುತ್ತದೆ. ಹಾಗಾಗಿಯೇ ಬೇಸಿಗೆಯ ನಡುಮಧ್ಯಾಹ್ನ ಸುಣ್ಣ ಹಚ್ಚುವವರು ಸಿಗುವುದಿಲ್ಲ. ಒಂದು ದಪ್ಪ ಕೈಗಿಂತ ಮೂರು ತೆಳು ಕೈ ಮೇಲು. ಹಸಿಯಿದ್ದಾಗ ಕಡುನೀಲಿ ಕಂಡಿದ್ದು ಒಣಗಿದ ಮೇಲೆ ಆಕಾಶದ ಬಣ್ಣಕ್ಕೆ ಇಳಿಯುತ್ತದೆ, ಗೋಡೆ ಪೂರ್ತಿ ಒಣಗುವ ಮೊದಲು ಅದು ಕಮ್ಮಿಯಾಯಿತು ಅಂತ ಮತ್ತೆ ಪುಡಿ ಸುರಿಯಬಾರದು.

ಗೋಡೆ ಬಿಟ್ಟು ಬಾಗಿಲು ನೋಡ್ರಿ. ವಾಡೆಯಂಥ ದೊಡ್ಡ ಮನೆಗಳ ಬಾಗಿಲು ಹೊಸ್ತಿಲಿನಿಂದ ಮೇಲಿನವರೆಗೂ ಕೆತ್ತಿದ ಕಟ್ಟಿಗೆ, ನಡುವೆ ಒಬ್ಬರು ಬಗ್ಗಿ ಹೋಗುವಷ್ಟು ದಿಡ್ಡಿ ಬಾಗಿಲು, ಎರಡೂ ಬದಿಗೆ ಕೂಡಲು ಕಟ್ಟೆ. ಮೇಲೆ ಸಜ್ಜಾ ಚಾಚಿಕೊಂಡಿದ್ದರೆ ಅದನ್ನು ಹೊತ್ತ ತೊಲೆಗಳ ತುದಿ ಗೋಡೆಯೊಳಗೆ ಹೋಗುವ ಜಾಗ ಗಮನಿಸ್ರಿ. ಕಟ್ಟಿಗೆ ನಡುವೆ ಮುರಿಯುವುದು ಅಪರೂಪ, ತೇವದ ಗೋಡೆಯಲ್ಲಿ ಹೂತ ತುದಿಯೇ ಮೊದಲು ಕೊಳೆಯುವುದು, ಗೆದ್ದಲು ಹತ್ತುವುದೂ ಅಲ್ಲೇ. ಸಜ್ಜಾ ಒಂದು ಕಡೆ ಬಾಗಿದ್ದು ಕಂಡರೆ ಅದರ ಕೆಳಗೆ ನಿಂತು ಸೆಲ್ಫಿ ಬ್ಯಾಡ. ಮಾಳಿಗೆಯಿಂದ ನೀರು ಬೀಳಲು ಹೊರಚಾಚಿದ ತಗಡಿನ ದೋಣಿ ಮುರಿದಿದ್ದರೆ ಅದರ ಕೆಳಗಿನ ಗೋಡೆಯಲ್ಲಿ ಕಪ್ಪು ಪಾಚಿಯ ಪಟ್ಟಿ ಇದ್ದೇ ಇರುತ್ತದೆ. ನೂರು ರೂಪಾಯಿಯ ತಗಡು ರಿಪೇರಿ ಮಾಡದೆ ಸಾವಿರಾರು ರೂಪಾಯಿಯ ಪೇಂಟು ಹೊಡೆಸುವುದನ್ನು ನೋಡಿದರೆ ಸಂಕಟವಾಗುತ್ತದೆ.

ಓಣಿಯ ರೀತಿನೀತಿ ಬಹಳ ಇಲ್ಲ. ಬಾಗಿಲಿಗೆ ಪರದೆ ಇದ್ದರೆ ಕ್ಯಾಮೆರಾ ಅತ್ತ ತಿರುಗಿಸಬ್ಯಾಡ್ರಿ. ಕಟ್ಟೆ ಮೇಲೆ ಹಿರಿಯರು ಕೂತಿದ್ದರೆ ಮೊದಲು ನಮಸ್ಕಾರವೋ ಸಲಾಮೋ ಹೇಳಿ, ‘ಫೋಟೊ ತಗೊಳ್ಳಲೇನ್ರಿ?’ ಅಂತ ಕೇಳ್ರಿ. ಬೇಡ ಅಂದರೆ ಬೇಡ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಮಸೀದಿಗಳ ಸುತ್ತಲಿನ ಸಂದಿ ತುಂಬಿರುತ್ತವೆ, ಆಗ ಬೇರೆ ಕಡೆ ಹೋಗ್ರಿ. ತಿಂಗಳು ಕೇಳಿದರೆ ಅಕ್ಟೋಬರಿನಿಂದ ಫೆಬ್ರವರಿ. ದೀಪಾವಳಿಯ ಆಸುಪಾಸು, ರಂಜಾನ್ ಹಬ್ಬದ ಮುಂಚೆ ಹೊಸ ಬಣ್ಣ ಕಾಣುತ್ತದೆ. ಮಳೆ ನಿಂತ ಮರುದಿನ ಬಂದರೆ ಕಲ್ಲು ಅತ್ಯಂತ ಕೆಂಪಾಗಿರುತ್ತದೆ, ಆದರೆ ಹಾಸುಗಲ್ಲು ಜಾರುತ್ತದೆ, ಚಪ್ಪಲಿಗಿಂತ ಹಿಡಿತ ಇರುವ ಬೂಟು ಒಳ್ಳೆಯದು.

ಹತ್ತು ಹನ್ನೊಂದರ ಸುಮಾರಿಗೆ ಚೌಬಾರಾದ ಸುತ್ತಿನ ಬಿದರಿ ಅಂಗಡಿಗಳು, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸಿದ ಸಾಮಾನಿನ ಅಂಗಡಿಗಳು, ತೆರೆಯುತ್ತವೆ. ನಡಿಗೆಯನ್ನು ಅಲ್ಲಿಗೇ ತಂದು ಮುಗಿಸುವುದು ನಮ್ಮ ಆಯ್ಕೆ, ಯಾಕೆಂದರೆ ಇಷ್ಟು ಬಣ್ಣದ ಊರಿನ ಹೆಸರು ಹೊತ್ತ ಕಸುಬು ಕಪ್ಪು ಬಣ್ಣದ್ದು. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತೂ (ಜಿಐ, ಇದು ಈ ಊರಿನದೇ ಕಸುಬು ಅನ್ನುವ ಸರಕಾರಿ ಮಾನ್ಯತೆ) ಸಿಕ್ಕಿದೆ. ಲೋಹ ಸತುವು ಮತ್ತು ತಾಮ್ರ, 16 ಪಾಲಿಗೆ ಒಂದು ಪಾಲು. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ; ಅಚ್ಚಿನಲ್ಲಿ ತೇವ ಉಳಿದಿದ್ದರೆ ಲೋಹದಲ್ಲಿ ಗುಳ್ಳೆ ಬೀಳುತ್ತದೆ. ಅರದಿಂದ ನಯ ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಚೂಪು ಮೊಳೆಯಿಂದ ಗೀರಿದ ಗೆರೆ ಎದ್ದು ಕಾಣಲಿ ಅಂತ. ಉಳಿಯಿಂದ ಗೀರಿದ ಕಾಲುವೆಯಲ್ಲಿ ಬೆಳ್ಳಿ ತಂತಿ ಕೂಡಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ಉಜ್ಜಿದಾಗ ಬೆಳ್ಳಿ ಯಾವುದು, ಸತುವು ಯಾವುದು ಅಂತ ಹೇಳಲಾಗದಷ್ಟು ಎರಡೂ ಬೆಳ್ಳಗೆ. ಕಡೆಗೆ ಬರುವುದು ಕೋಟೆಯ ಹಳೆ ಮಣ್ಣು. ಅದನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿಯಾಗಿಸಿದ ಪಾತ್ರೆಗೆ ಹಚ್ಚಿದರೆ ಸತುವು ಗಾಢ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮೇಲೆ ಎಣ್ಣೆ ಉಜ್ಜಿದ ಮೇಲೆ ಕಪ್ಪು ಇನ್ನೂ ಕುಳಿತುಕೊಳ್ಳುತ್ತದೆ.

ಕೊಳ್ಳುವುದಾದರೆ ತುಂಡನ್ನು ಬೆಳಕಿಗೆ ಓರೆ ಹಿಡಿದು ಬೆಳ್ಳಿಯ ಮೇಲೆ ಉಗುರು ಎಳೆದು ನೋಡ್ರಿ, ಎಲ್ಲೂ ತಡೆಯಬಾರದು. ತಡೆದರೆ ತಂತಿ ಪೂರ್ತಿ ಕೂತಿಲ್ಲ, ಮುಂದೆ ಎದ್ದು ಬರುತ್ತದೆ. ತಂತಿಯ ಕೆಲಸಕ್ಕೆ ತಾರಕಶಿ ಅನ್ನುತ್ತಾರೆ, ತಗಡಿನ ಕೆಲಸಕ್ಕೆ ತೇನಿಶಾನ್. ತಗಡಿಗೆ ಬೆಳ್ಳಿ ಹೆಚ್ಚು ಬೇಕು, ಬೆಲೆಯೂ ಹೆಚ್ಚು, ಹಾಗಾಗಿ ಬೆಳ್ಳಿ ಎಷ್ಟು ಗ್ರಾಂ ಅಂತ ಕೇಳಿಯೇ ಚೌಕಾಶಿಗೆ ಇಳೀರಿ. ಮನೆಯಲ್ಲಿ ಬೆಳ್ಳಿ ಹಳದಿಗಟ್ಟಿದರೆ ಒಂದೆರಡು ಹನಿ ಕೊಬ್ಬರಿ ಎಣ್ಣೆ, ಒಣ ಹತ್ತಿ ಬಟ್ಟೆ ಸಾಕು. ಹಿತ್ತಾಳೆ ಸಾಮಾನಿನಂತೆ ಹುಣಸೆಹಣ್ಣು, ಲಿಂಬೆ ಹಾಕಿ ತಿಕ್ಕಿದರೆ ಹುಳಿ ಆ ಕಪ್ಪನ್ನೇ ತಿಂದುಹಾಕುತ್ತದೆ. ಹಾಗೇನಾದರೂ ಆದರೆ ತಂದ ಅಂಗಡಿಗೇ ಒಯ್ರಿ, ಮಣ್ಣಿನ ಕೆಲಸ ಮತ್ತೊಮ್ಮೆ ಮಾಡಿಕೊಡುತ್ತಾರೆ.