ಮೈಸೂರಿಗೆ ಬಂದ ಪ್ಲೇಟು, ಮತ್ತೆ ಆ ಕರಕರ ಸದ್ದು

ಎಲ್ಲರಿಗೂ ನಮಸ್ಕಾರ. ಇವತ್ತು ಹಳೇ ಜರ್ಮನ್ ಹಾಡುಗಳ ಬಗ್ಗೆ ಮಾತಾಡೋಣ ಅಂತ ಬಂದಿದೀನಿ, ಅದರಲ್ಲೂ ಸವೆದುಹೋದ ಗ್ರಾಮಫೋನ್ ಪ್ಲೇಟುಗಳಲ್ಲಿ ಸಿಕ್ಕಾಕೊಂಡಿದ್ದು, ಈಗ ಯಾರೋ ಪುಣ್ಯಾತ್ಮರು ತೊಳೆದು ಒರೆಸಿ ಕೇಳೋ ಹಂಗೆ ಮಾಡಿರೋ ಹಾಡುಗಳು. ಇದಕ್ಕೆ ಅವರ ಭಾಷೇಲಿ ಲೀಟ್ ಅಂತಾರೆ, ಬಹುವಚನ ಲೀಡರ್, ನಮ್ಮ ಲೀಡರ್‌ಗಳಿಗೂ ಇದಕ್ಕೂ ಏನೂ ಸಂಬಂಧ ಇಲ್ಲ ಬಿಡಿ. ನಮ್ಮ ಭಾವಗೀತೆ ಇದೆಯಲ್ಲ, ಹೆಚ್ಚೂಕಮ್ಮಿ ಅದೇ ಜಾತಿ. ಕವಿ ಬರೆದ ಪದ್ಯ, ಅದಕ್ಕೆ ಇನ್ನೊಬ್ಬರು ಹಾಕಿದ ಸಂಗೀತ, ಒಬ್ಬರು ಹಾಡೋದು, ಒಬ್ಬರು ಪಿಯಾನೋ ನುಡಿಸೋದು. ಶೂಬರ್ಟ್ ಅನ್ನೋ ಸಂಗೀತಕಾರ ಒಬ್ಬನೇ ಇಂಥವು 600ಕ್ಕೂ ಜಾಸ್ತಿ ಬರೆದಿದಾನೆ, ಬದುಕಿದ್ದು ಬರೀ 31 ವರ್ಷ.

ನಂಗೆ ಇದರ ಹುಚ್ಚು ಹಿಡಿಸಿದ್ದು ಒಂದು ಪ್ಲೇಟು. ಜಾರ್ಜ್ ಹೆನ್ಷೆಲ್ ಅಂತ, 1850ರಲ್ಲಿ ಹುಟ್ಟಿದವರು, ಸಂಗೀತಕಾರ ಬ್ರಾಮ್ಸ್‌ಗೆ ಸ್ನೇಹಿತರು, ಬೋಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಮೊದಲನೇ ಕಂಡಕ್ಟರ್, ಅಂದ್ರೆ ಎದುರಿಗೆ ನಿಂತು ವಾದ್ಯದವರನ್ನೆಲ್ಲ ನಡೆಸೋರು. 1928ರಲ್ಲಿ ತಾವೇ ಪಿಯಾನೋ ನುಡಿಸ್ಕೊಂಡು ಶೂಬರ್ಟ್‌ನ 'ಡೇರ್ ಲೈಯರ್‌ಮಾನ್' ಹಾಡಿದ್ರು. 78 ಆರ್‌ಪಿಎಂ ಪ್ಲೇಟು, ಅಂದ್ರೆ ನಿಮಿಷಕ್ಕೆ 78 ಸುತ್ತು, ಹಾಡೋರಿಗೂ 78 ವರ್ಷ! ಹಾಡಲ್ಲಿರೋದು ಇಷ್ಟೇ, ಊರಾಚೆ ಮಂಜಿನ ಮೇಲೆ ಬರಿಗಾಲಲ್ಲಿ ಒಬ್ಬ ಮುದುಕ ನಿಂತು, ಮರಗಟ್ಟಿದ ಬೆರಳಲ್ಲಿ ವಾದ್ಯದ ಹಿಡಿ ತಿರುಗಿಸ್ತಾ ಇದಾನೆ, ಅವನ ತಟ್ಟೆಗೆ ಒಂದು ಕಾಸೂ ಬಿದ್ದಿಲ್ಲ, ನಾಯಿಗಳು ಗುರ್ ಅಂತಿವೆ, ಅವನು ನುಡಿಸ್ತಾನೇ ಇದಾನೆ. ಪಿಯಾನೋದ ಎಡಗೈಯಲ್ಲಿ ಷಡ್ಜ ಪಂಚಮ ಎರಡೇ, ಮೊದಲಿಂದ ಕೊನೇವರೆಗೂ, ನಮ್ಮ ತಂಬೂರಿ ಶ್ರುತಿ ಥರ. ಹೆನ್ಷೆಲ್ ಗಂಟಲು ಒಣಗಿದೆ, ಆದ್ರೂ ಒಂದು ಕಡೇನೂ ಕರುಣೆ ಬೇಡಲ್ಲ, ಊರಲ್ಲಿ ಯಾರೋ ಸತ್ತ ಸುದ್ದಿ ಹೇಳಿದಂಗೆ ಸುಮ್ಮನೆ ಹೇಳ್ಕೊಂಡು ಹೋಗ್ತಾರೆ. ಹಿಂದೆ ಪ್ಲೇಟಿನ ಸರ್ ಅನ್ನೋ ಸದ್ದು ಇದ್ದೇ ಇರತ್ತೆ, ಎರಡನೇ ಸಲ ಕೇಳೋಷ್ಟೊತ್ತಿಗೆ ಅದೂ ಶ್ರುತಿ ಜೊತೆ ಸೇರ್ಕೊಂಡುಬಿಡತ್ತೆ.

ಆ ಸದ್ದು ಎಲ್ಲಿಂದ ಬರತ್ತೆ ಅಂದ್ರೆ, ಆಗಿನ ಪ್ಲೇಟು ಮಾಡ್ತಿದ್ದಿದ್ದು ಅರಗಿನಲ್ಲಿ, ಪಾಂಡವರಿಗೆ ಮನೆ ಕಟ್ಟಿಸಿದ್ರಲ್ಲ ಅದೇ ಅರಗು, ಬಹುಪಾಲು ಹೋಗ್ತಿದ್ದಿದ್ದೂ ನಮ್ಮ ದೇಶದಿಂದಲೇ. ಅದಕ್ಕೆ ನುಣ್ಣಗಿನ ಕಲ್ಲುಪುಡಿ ಬೆರೆಸ್ತಿದ್ರು, ಉಕ್ಕಿನ ಮುಳ್ಳು ಅದರ ಮೇಲೆ ಉಜ್ಜಿ ಉಜ್ಜಿ ಗೀರಿಗೆ ಸರಿಯಾಗಿ ಕೂರಲಿ ಅಂತ. ಅಂದ್ರೆ ಹಾಡಿನ ಜೊತೆ ಮುಳ್ಳು ಕಲ್ಲು ಉಜ್ಜೋ ಸದ್ದೂ ಕೇಳ್ತಿರತ್ತೆ. 1925ಕ್ಕೆ ಮುಂಚೆ ಇನ್ನೂ ಕಷ್ಟ, ಮೈಕೇ ಇಲ್ಲ, ದೊಡ್ಡ ಕೊಂಬಿನ ಬಾಯಿಗೆ ಮುಖ ಇಟ್ಟು ಹಾಡಬೇಕು, ಜೋರು ಸ್ವರ ಬಂದಾಗ ಹಿಂದಕ್ಕೆ ವಾಲಬೇಕು. ಎಲೆನಾ ಗೆರ್ಹಾರ್ಟ್ ಅನ್ನೋ ಗಾಯಕಿ 1907ರಲ್ಲಿ ಹಿಂಗೇ ಹಾಡಿದ್ದು, ಪಿಯಾನೋಗೆ ಕೂತಿದ್ದವರು ಆರ್ಥರ್ ನಿಕಿಷ್, ಬರ್ಲಿನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ನಡೆಸ್ತಿದ್ದ ಅಂಥಾ ಕಂಡಕ್ಟರು. ಆ ಪಿಯಾನೋ ಕೇಳಿದ್ರೆ ಪಕ್ಕದ ಮನೇಲಿ ಯಾರೋ ಡಬ್ಬ ಬಡಿದಂಗಿದೆ, ಆದ್ರೂ ಆಯಮ್ಮ ಎಲ್ಲಿ ಉಸಿರು ತಗೋತಾರೋ ಅಲ್ಲಿ ನಿಕಿಷ್ ಕೈ ಕಾಯೋದು ಸ್ಪಷ್ಟವಾಗಿ ಗೊತ್ತಾಗತ್ತೆ.

ಇಂಥದನ್ನ ರಿಪೇರಿ ಮಾಡೋರ ಕೆಲಸ ಅಂದ್ರೆ ಕಂಪ್ಯೂಟರ್‌ಗೆ ಹಾಕಿ ಬಟನ್ ಒತ್ತೋದಲ್ಲ. ಒಂದೇ ಹಾಡಿನ ನಾಲ್ಕೈದು ಪ್ಲೇಟು ಹುಡುಕಬೇಕು, ತೊಳೀಬೇಕು, ಯಾವ ಗಾತ್ರದ ಮುಳ್ಳು ಗೀರಿನ ಸವೆಯದ ಜಾಗಕ್ಕೆ ಕೂರತ್ತೆ ಅಂತ ಒಂದೊಂದೇ ಹಾಕಿ ನೋಡಬೇಕು. ಆಮೇಲೆ ಸ್ಪೀಡು. 78 ಅಂತ ಹೆಸರಿಗೆ ಅಷ್ಟೆ, ಆಗೆಲ್ಲ 70ರಿಂದ 80ರ ಮೇಲೂ ಹೋಗ್ತಿತ್ತು. ನಾಲ್ಕೂವರೆ ಸುತ್ತು ಹೆಚ್ಚುಕಮ್ಮಿ ಆದ್ರೆ ಶ್ರುತಿ ಅರ್ಧ ಸ್ವರ ಜಾರತ್ತೆ. ಪುಸ್ತಕದಲ್ಲಿರೋ ಶ್ರುತಿಗೆ ಸರಿ ಮಾಡ್ಕೊಂಡ್ರಾಯ್ತಲ್ಲ ಅಂದ್ರೆ ಅದೂ ಆಗಲ್ಲ, ಯಾಕಂದ್ರೆ ಈ ಹಾಡುಗಳನ್ನ ಅವರವರ ಕಂಠಕ್ಕೆ ತಕ್ಕಂಗೆ ಏರಿಸಿ ಇಳಿಸಿ ಹಾಡೋದೇ ಪದ್ಧತಿ. ಕೊನೆಗೆ ಗಂಟಲನ್ನೇ ಕೇಳಬೇಕು, ಇದು ಮನುಷ್ಯನ 'ಆ' ಹೌದೋ ಅಲ್ಲವೋ ಅಂತ. ಈ ಕೆಲಸದಲ್ಲಿ ದೊಡ್ಡ ಹೆಸರು ಅಮೆರಿಕದ ವಾರ್ಡ್ ಮಾರ್ಸ್ಟನ್, ಹುಟ್ಟಿನಿಂದ ಕಣ್ಣು ಕಾಣದವರು.

ನಾನೊಂದು ಸಲ ಮೋಸ ಹೋದೆ. ಕಂಪನಿ ಹೆಸರು ಬೇಡ, ಮೇಲೆ 'ಪೂರ್ತಿ ಶಬ್ದಮುಕ್ತ' ಅಂತ ಹಾಕಿದ್ರು, ಖುಷಿಯಾಗಿ ದುಡ್ಡು ಕೊಟ್ಟು ತಗೊಂಡ್ರೆ ಹಾಡೋರು ನಾಲ್ಕು ಕಂಬಳಿ ಹೊದ್ದು ಒಳಗಿಂದ ಹಾಡ್ದಂಗಿದೆ. ಏನಾಗತ್ತೆ ನೋಡಿ, ನಮ್ಮ ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗೀತವೆ, ಮನೆ, ಮರ, ನೀರು, ಎಳೆದು ಹಾಡಬಹುದು. ಜರ್ಮನ್ ಪದಗಳು ಎಷ್ಟೋ ವ್ಯಂಜನದಲ್ಲೇ ಕಟ್ ಆಗ್ತವೆ, ನಾಖ್ಟ್, ಲಿಖ್ಟ್, ಹೆರ್ಟ್ಸ್. ಆ ಸ್, ಷ್, ಟ್ ಎಲ್ಲ ಇರೋದು ಕರಕರ ಸದ್ದು ಇರೋ ಮೇಲಿನ ಜಾಗದಲ್ಲೇ. ಸದ್ದು ಪೂರ್ತಿ ಕೆರೆದು ತೆಗೆದ್ರಿ ಅನ್ನಿ, ಪದದ ಬಾಲವೂ ಅದರ ಜೊತೆ ಹೋಯ್ತು. ಒಪೆರಾದಲ್ಲಾದ್ರೆ ಹೋಗ್ಲಿ ಬಿಡಿ ಅನ್ನಬಹುದು, ಇಲ್ಲಿ ಪದ್ಯ ಹೋದ್ರೆ ಉಳಿಯೋದೇನು? ಅದಕ್ಕೇ ನಂಗೆ ಸದ್ದು ಸ್ವಲ್ಪ ಬಿಟ್ಟಿರೋ ರಿಪೇರಿನೇ ಇಷ್ಟ.

ಟೇಪ್ ಬಂದಮೇಲೆ ಈ ಮುಳ್ಳಿನ ರಗಳೆ ತಪ್ಪಿತು, ಜರ್ಮನ್ ರೇಡಿಯೋದವರು ಯುದ್ಧದ ಟೈಮಲ್ಲೇ ಟೇಪ್ ಬಳಸ್ತಿದ್ರು. 1945ರಲ್ಲಿ, ಬರ್ಲಿನ್ ಬಿದ್ದುಹೋಗ್ತಿರೋವಾಗ, ಪೀಟರ್ ಆಂಡರ್ಸ್ ಹಾಡಿದ ಶೂಬರ್ಟ್‌ನ 'ವಿಂಟರ್‌ರೈಸ' ಅನ್ನೋ ಹಾಡುಗಳ ಮಾಲೆ ಪೂರ್ತಿ ಇದೆ, ಪಿಯಾನೋ ಮಿಖಾಯೆಲ್ ರೌಖೈಸೆನ್. ನಾಜಿ ಸರ್ಕಾರದ ರೇಡಿಯೋ ಅಂತ ನೆನಪಾಗಿ ಅರ್ಧಕ್ಕೇ ನಿಲ್ಲಿಸಿದ್ದೂ ಇದೆ ನಾನು, ಮತ್ತೆ ಹಾಕಿದ್ದೂ ಇದೆ.

ಈಗ ನಮ್ಮೂರಿಗೆ ಬರ್ತೀನಿ. ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರೌಸ್ 1948ರಲ್ಲಿ, 84ನೇ ವಯಸ್ಸಲ್ಲಿ, ನಾಲ್ಕು ಹಾಡು ಬರೆದ, ಪಿಯಾನೋ ಬದಲು ಪೂರ್ತಿ ಆರ್ಕೆಸ್ಟ್ರಾಗೆ. ಕೇಳೋಕೆ ಅವನೇ ಇರಲಿಲ್ಲ, 1949ರ ಸೆಪ್ಟೆಂಬರ್‌ನಲ್ಲಿ ಹೋಗಿಬಿಟ್ಟ. 1950ರ ಮೇ 22ಕ್ಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಲ್ಲಿ ಮೊದಲನೇ ಸಲ ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಕಂಡಕ್ಟರ್ ಫುರ್ಟ್‌ವೆಂಗ್ಲರ್. ಅದಕ್ಕೆ 4,800 ಡಾಲರ್ ಗ್ಯಾರಂಟಿ ನಿಂತವರು ನಮ್ಮ ಜಯಚಾಮರಾಜೇಂದ್ರ ಒಡೆಯರು! ಆಗ ಅವರಿಗೆ ಇನ್ನೂ 30. ಖುದ್ದಾಗಿ ಹೋಗೋಕೆ ಆಗಲಿಲ್ಲ, ಆ ಸಂಜೆಯ ಹಾಡನ್ನ ಅಸಿಟೇಟ್ ಪ್ಲೇಟಲ್ಲಿ ಮುದ್ರಿಸಿ ಮೈಸೂರಿಗೆ ತರಿಸ್ಕೊಂಡ್ರು. ಅಸಿಟೇಟ್ ಅಂದ್ರೆ ಲೋಹದ ತಟ್ಟೆ ಮೇಲೆ ಮೆತ್ತಗಿನ ಲೇಪ, ಒಂದೊಂದು ಸಲ ಕೇಳಿದಾಗಲೂ ಒಂಚೂರು ಸವೆಯತ್ತೆ. ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ರಚಿಸಿದ ಮಹಾರಾಜರು, ರಷ್ಯಾದ ಸಂಗೀತಕಾರ ಮೆಟ್ನರ್‌ನ ಸಂಗೀತ ಪ್ಲೇಟಿಗೆ ಬರಲಿ ಅಂತ ದುಡ್ಡು ಸುರಿದವರು, ಅರಮನೇಲಿ ಕೂತು ಇದನ್ನ ಎಷ್ಟು ಸಲ ಹಾಕಿಸಿರಬಹುದು ಅಂತ ಯೋಚಿಸ್ತಿರ್ತೀನಿ.

ಆ ಸಂಜೆಯ ಹಾಡು ಈಗ ಸಿಡಿಯಲ್ಲಿ ಸಿಗತ್ತೆ. ಸೌಂಡು ಕೆಟ್ಟದಾಗಿದೆ, ಸುಳ್ಳು ಹೇಳಲ್ಲ. ಆರ್ಕೆಸ್ಟ್ರಾ ನೀರೊಳಗೆ ನುಡಿಸ್ದಂಗಿದೆ. ಆವತ್ತು ಕೊನೇಲಿ ಹಾಡಿದ್ದು 'ಇಮ್ ಆಬೆಂಟ್‌ರೋಟ್', ಸಂಜೆಗೆಂಪಲ್ಲಿ ಅಂತ. ಐಷೆಂಡಾರ್ಫ್‌ನ ಪದ್ಯ. ಸುಖ ದುಃಖ ಎರಡರಲ್ಲೂ ಕೈ ಕೈ ಹಿಡ್ಕೊಂಡು ನಡೆದ ಇಬ್ಬರು, ಸುಸ್ತಾಗಿ ನಿಂತಿದಾರೆ, ಸುತ್ತ ಕತ್ತಲಾಗ್ತಿದೆ, ಎರಡು ಬಾನಾಡಿ ಮಾತ್ರ ಮೇಲೆ ಹಾರ್ತಿವೆ. ಆ ಹಕ್ಕಿಗಳು ಕೊಳಲಿನ ಕಂಪನ, ಪ್ಲೇಟಿನ ಸದ್ದಲ್ಲಿ ಹಕ್ಕಿ ಯಾವುದು ಗೀರು ಯಾವುದು ಅಂತ ಒಂದು ಕ್ಷಣ ಗೊತ್ತಾಗಲ್ಲ. ಕೊನೇ ಸಾಲನ್ನ ಕವಿ ಬರೆದಿದ್ದು, ಅದೇ ಏನು ಸಾವು ಅಂದ್ರೆ, ಅಂತ. ಸ್ಟ್ರೌಸ್ ಒಂದೇ ಒಂದು ಪದ ಬದಲಾಯಿಸಿದ, 'ದಾಸ್' ಅಂತ ಇದ್ದಿದ್ದನ್ನ 'ದೀಸ್' ಮಾಡಿದ. ಅದು ಅಲ್ಲ, ಇದು. ಇದೇ ಏನು ಸಾವು ಅಂದ್ರೆ?

ಮೊನ್ನೆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕ್ಕೊಂಡು ಆ ಒಂದು ಪದವನ್ನೇ ನಾಲ್ಕೈದು ಸಲ ಹಿಂದಕ್ಕೆ ಓಡಿಸಿ ಓಡಿಸಿ ಕೇಳಿದೆ. 'ದೀ' ಬರತ್ತೆ, ಆಮೇಲೆ ಸರ್ ಅನ್ನೋ ಸದ್ದು, ಅದರೊಳಗೆ ಸೂಜಿಮೊನೆಯಷ್ಟು ಒಂದು 'ಸ್'. ಫ್ಲಾಗ್‌ಸ್ಟಾಡ್‌ದೋ, ಪ್ಲೇಟಿಂದೋ.