ಅಂಗೈಯಗಲದ ಚೂರು, ಏಳು ಸಾಲಿನ ಹಾಡು

ಕೇಳುಗರೇ, ನಮಸ್ಕಾರ.

ವಿಯೆನ್ನಾದ ಗ್ರಂಥಾಲಯವೊಂದರಲ್ಲಿ ಪಪೈರಸ್ಸಿನ, ಅಂದರೆ ಜೊಂಡಿನಿಂದ ಮಾಡಿದ ಹಳೆಯ ಕಾಲದ ಕಾಗದದ, ಒಂದು ಹರುಕು ಚೂರಿದೆ. ಅಂಗೈಯಷ್ಟು ಅಗಲ, ಅಷ್ಟೇ. ಈಜಿಪ್ಟಿನಲ್ಲಿ ಸಿಕ್ಕಿದ್ದು. 1892ರಲ್ಲಿ ಪ್ರಕಟವಾಯಿತು. ಅದರಲ್ಲಿರುವುದು ಪ್ರಾಚೀನ ಗ್ರೀಕ್ ನಾಟಕಕಾರ ಯೂರಿಪಿಡೀಸನ ‘ಒರೆಸ್ಟಿಸ್’ ನಾಟಕದ ಏಳು ಸಾಲು, ಅದೂ ಅರ್ಧಂಬರ್ಧ. ಆದರೆ ಅಕ್ಷರಗಳ ತಲೆಯ ಮೇಲೆ ಸಣ್ಣ ಸಣ್ಣ ಗುರುತುಗಳಿವೆ. ಅವು ಸ್ವರಗಳು.

ಗ್ರೀಕ್ ದುರಂತ ನಾಟಕ ನಮಗೆ ಓದುವ ಪುಸ್ತಕ, ಅಲ್ವಾ? ಅಥೆನ್ಸಿನವರಿಗೆ ಹಾಗಿರಲಿಲ್ಲ. ಮೇಳದವರು ಕುಣಿಯುತ್ತಾ ಹಾಡುತ್ತಿದ್ದರು. ಜೊತೆಗೆ ಔಲೋಸ್ ಎಂಬ ಜೋಡಿ ಕೊಳವೆಯ ವಾದ್ಯ. ಇದನ್ನು ಸುಮ್ನೆ ‘ಕೊಳಲು’ ಅಂದುಬಿಡುತ್ತಾರೆ, ತಪ್ಪು. ಬಾಯಲ್ಲಿ ಪೀಪಿ ಕಚ್ಚಿ ಊದುವ ವಾದ್ಯ ಅದು, ನಮ್ಮ ಶಹನಾಯಿಯ ಬಳಗದ್ದು.

ಚೂರಿನಲ್ಲಿರುವ ಸನ್ನಿವೇಶ ಇದು. ಒರೆಸ್ಟಿಸ್ ತಾಯಿಯನ್ನು ಕೊಂದಿದ್ದಾನೆ, ಹುಚ್ಚು ಹಿಡಿದಿದೆ. ‘ಅಳುತ್ತೇನೆ, ಅಳುತ್ತೇನೆ’ ಎಂದು ಮೇಳ ಹಾಡುವಾಗ ಸ್ವರ ಕೆಳಗಿಳಿಯುತ್ತದೆ. ರಕ್ತ ಅವನನ್ನು ಹುಚ್ಚೆಬ್ಬಿಸಿ ಕುಣಿಸುತ್ತದೆ ಎಂಬಲ್ಲಿ ಛಂಗನೆ ಮೇಲಕ್ಕೆ ಹಾರುತ್ತದೆ. ಇನ್ನೊಂದು ಕಡೆ ‘ಹೋಸ್’ ಎಂಬ ಪುಟ್ಟ ಪದವನ್ನು ‘ಹೋಓಸ್’ ಎಂದು ಎಳೆದು ಬರೆದಿದ್ದಾರೆ. ಯೂರಿಪಿಡೀಸ್ ಹೀಗೆ ಅಕ್ಷರ ಎಳೆಯುತ್ತಾನೆ ಎಂದು ಅರಿಸ್ಟೊಫೇನೀಸ್ ತನ್ನ ‘ಕಪ್ಪೆಗಳು’ ಪ್ರಹಸನದಲ್ಲಿ ಗೇಲಿ ಮಾಡಿದ್ದ. ಗೇಲಿ ಸುಳ್ಳಲ್ಲ ಎನ್ನುವುದಕ್ಕೆ ಈ ಚೂರೇ ಸಾಕ್ಷಿ.

ಈಗ ತಕರಾರಿನ ವಿಷಯ. ನಮಗೆ ಬಂದಿರುವ ಹಸ್ತಪ್ರತಿಗಳಲ್ಲಿ ರಕ್ತದ ಸಾಲು ಮೊದಲು, ಅಳು ಆಮೇಲೆ. ಚೂರಿನಲ್ಲಿ ಇದು ತಿರುವುಮುರುವು. ಪುಸ್ತಕದ ಕ್ರಮದಲ್ಲಿ, ಸೇಡಿನ ಭೂತವೊಂದು ತಾಯಿಯ ರಕ್ತವನ್ನು ಮನೆಯೊಳಕ್ಕೆ ತರುತ್ತದೆ. ಹಾಡಿನ ಕ್ರಮದಲ್ಲಿ, ಮೇಳ ಆ ರಕ್ತಕ್ಕಾಗಿಯೇ ಅಳುತ್ತಿರುವ ಹಾಗೆ ಕೇಳುತ್ತದೆ. ಯಾವುದು ಅಸಲಿ?

ನಟರು ಸಾಲು ಬದಲಿಸುತ್ತಾರೆಂಬ ದೂರು ಹಳೆಯದು. ಕ್ರಿಸ್ತಪೂರ್ವ 330ರ ಸುಮಾರಿಗೆ ರಾಜಕಾರಣಿ ಲೈಕರ್ಗಸ್ ಅಥೆನ್ಸಿನಲ್ಲಿ ಕಾನೂನು ಮಾಡಿಸಿದ: ಯೂರಿಪಿಡೀಸನೂ ಸೇರಿ ಮೂವರು ದೊಡ್ಡ ಕವಿಗಳ ನಾಟಕಗಳಿಗೆ ಸರ್ಕಾರಿ ಪ್ರತಿ ಇರಬೇಕು, ನಟರು ಅದನ್ನು ಮೀರಬಾರದು. ಆ ಪ್ರತಿಗಳನ್ನು ಈಜಿಪ್ಟಿನ ದೊರೆ ಟಾಲೆಮಿ 15 ಟ್ಯಾಲೆಂಟ್ (ಆಗಿನ ತೂಕದ ಅಳತೆ) ಬೆಳ್ಳಿ ಒತ್ತೆ ಇಟ್ಟು ಎರವಲು ತರಿಸಿದನಂತೆ. ಹೊಸ ನಕಲು ಮಾಡಿಸಿ ಅದನ್ನೇ ವಾಪಸು ಕಳಿಸಿ, ಮೂಲವನ್ನು ಇಟ್ಟುಕೊಂಡನಂತೆ. ವೈದ್ಯ ಗೇಲನ್ ಹೇಳುವ ಕಥೆ ಇದು. ಒತ್ತೆ ಹೋದರೆ ಹೋಗಲಿ, ಪುಸ್ತಕ ಸಿಕ್ಕಿತಲ್ಲ!

ಈ ಚೂರು ಬರೆದದ್ದು ನಾಟಕ ಮೊದಲು ಆಡಿದ ಸುಮಾರು 200 ವರ್ಷದ ಮೇಲೆ. ಹಾಗಾಗಿ ರಾಗ ಯೂರಿಪಿಡೀಸನದೇ ಎಂದು ಪಟ್ಟು ಹಿಡಿಯುವ ಹಾಗಿಲ್ಲ. ಹಾಗೆಂದು ‘ಹಾಡುವವರ ಪ್ರತಿ, ತಪ್ಪಿರುತ್ತೆ’ ಎಂದು ತಳ್ಳಿಹಾಕುವುದೂ ನನಗೆ ಒಪ್ಪಿಗೆಯಿಲ್ಲ. ಹಾಡುವವನಿಗೆ ಸಾಲು ಬಾಯಲ್ಲಿ ಕೂರಬೇಕು, ಕೇಳುವವನಿಗೆ ಕಿವಿಯಲ್ಲಿ.

ಆ ಕಿವಿಗಳು ಎಂಥವು ಗೊತ್ತೇ? ಇದೇ ‘ಒರೆಸ್ಟಿಸ್’ ಕ್ರಿಸ್ತಪೂರ್ವ 408ರಲ್ಲಿ ಮೊದಲ ಸಲ ರಂಗಕ್ಕೆ ಬಂತು. ಹೆಗೆಲೋಕಸ್ ಎಂಬ ನಟ ‘ಬಿರುಗಾಳಿ ಅಡಗಿ ಕಡಲು ಶಾಂತವಾದದ್ದು ಕಾಣುತ್ತಿದೆ’ ಎನ್ನಬೇಕಿತ್ತು. ಒಂದು ಪದದ ದನಿಯ ಏರಿಳಿತ ಕೂದಲೆಳೆಯಷ್ಟು ತಪ್ಪಿತು. ‘ಮುಂಗುಸಿಯಂಥ ಪ್ರಾಣಿ ಕಾಣುತ್ತಿದೆ’ ಎಂದಾಗಿಬಿಟ್ಟಿತು. ಪ್ರಹಸನದವರು ವರ್ಷಗಟ್ಟಲೆ ಅವನನ್ನು ಬಿಡಲಿಲ್ಲ.

ನಮಸ್ಕಾರ.