ಬಾಗಿಲು ತೆರೆಯುವ ಹೊತ್ತು

ಕೇಳುಗರೇ, ನಮಸ್ಕಾರ.

ಅಣೆಕಟ್ಟು ಬೇಕೇ ಬೇಡವೇ ಎಂಬ ಜಗಳ ಹಳೆಯದು. ಕಟ್ಟಿ ಮುಗಿದ ಮೇಲೆ ಅದರ ಬಾಗಿಲನ್ನು ಯಾವಾಗ ತೆರೆಯಬೇಕು, ಎಷ್ಟು ನೀರು ಬಿಡಬೇಕು ಎಂಬ ಮಾತು ಮಾತ್ರ ಎಂಜಿನಿಯರರ ಕೋಣೆಯಲ್ಲೇ ಉಳಿದುಬಿಡುತ್ತದೆ. ಕೆಳಗಿನ ನದಿಯ ಅಳಿವು ಉಳಿವು ಬಹುಪಾಲು ನಿರ್ಧಾರವಾಗುವುದು ಆ ಮಾತಿನಲ್ಲಿಯೇ.

ಪ್ರವಾಹ ತಡೆಯಲು ಜಲಾಶಯ ಖಾಲಿ ಇರಬೇಕು. ನೀರಾವರಿಗೂ ವಿದ್ಯುತ್ತಿಗೂ ತುಂಬಿರಬೇಕು. ವಿದ್ಯುತ್ತಿಗೆ ಬೇಡಿಕೆ ಏರಿದಾಗ ಹೊರಹರಿವು ಉಕ್ಕುತ್ತದೆ, ಇಳಿದಾಗ ಸೊರಗುತ್ತದೆ. ನದಿಯ ಪಾಲಿಗೆ ದಿನಕ್ಕೊಂದು ನೆರೆ, ದಿನಕ್ಕೊಂದು ಬರ.

ಅಮೆರಿಕದ ಕೊಲರಾಡೊ ನದಿಗೆ ಅಡ್ಡವಾಗಿರುವ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನಲ್ಲಿ 1963ರಿಂದ ನೀರು ನಿಂತಿತು, ನೀರಿನೊಂದಿಗೆ ಮರಳೂ ನಿಂತಿತು. ಕೆಳಗೆ ಗ್ರ್ಯಾಂಡ್ ಕ್ಯಾನಿಯನ್‌ನ ಮರಳದಂಡೆಗಳು ಸವೆದವು. ನದಿಯ ತಳದ ಮರಳನ್ನು ಎಬ್ಬಿಸಿ ದಡಕ್ಕೆ ಹಾಕಲೆಂದು 1996ರ ಮಾರ್ಚ್‌ನಲ್ಲಿ ಏಳು ದಿನ ಬೇಕೆಂದೇ ನೆರೆ ಹರಿಸಿದರು. ಒಂದು ಪಾಲು ನೀರು ವಿದ್ಯುತ್ ತೆಗೆಯುವ ಟರ್ಬೈನ್ ಮುಟ್ಟದೆ ಹೋಯಿತು. ಅಷ್ಟು ವರಮಾನ ಕೈತಪ್ಪಿತು. ದಂಡೆಗಳು ಎದ್ದವು, ಬಾಳಲಿಲ್ಲ. 2004ರಲ್ಲಿ, ಕೆಳಗೆ ಬಂದು ಸೇರುವ ಪರಿಯಾ ಎಂಬ ಉಪನದಿ ಹೊಸ ಮರಳನ್ನು ತಂದು ಸುರಿಯುವವರೆಗೆ ಕಾದು ಆಮೇಲೆ ನೀರು ಬಿಟ್ಟರು.

ನನ್ನ ಮನಸ್ಸು ಹಿಡಿದದ್ದು 2018ರ ಬೇಸಿಗೆಯ ಪ್ರಯೋಗ. ನೀರಿನ ಕೀಟಗಳು ದಡದ ಅಂಚಿನಲ್ಲಿ, ನೀರು ಮುಟ್ಟುವ ಜಾಗದಲ್ಲಿ ಮೊಟ್ಟೆ ಇಡುತ್ತವೆ. ನೀರು ಇಳಿದರೆ ಮೊಟ್ಟೆ ಒಣಗುತ್ತದೆ. ಕೀಟವಿಲ್ಲದಿದ್ದರೆ ಮೀನಿಗೆ ಆಹಾರವಿಲ್ಲ. ಅದಕ್ಕಾಗಿ ವಿದ್ಯುತ್ ಬೇಡಿಕೆ ಕಡಿಮೆ ಇರುವ ಶನಿವಾರ, ಭಾನುವಾರ ಹೊರಹರಿವನ್ನು ಏರಿಳಿತವಿಲ್ಲದೆ ತಗ್ಗಿನ ಮಟ್ಟದಲ್ಲಿ ಇಟ್ಟರು. ಆ ತಗ್ಗಿನ ಅಂಚಿನಲ್ಲಿ ಇಟ್ಟ ಮೊಟ್ಟೆ ಆಮೇಲೆ ನೀರು ಏರಿ ಇಳಿದರೂ ನೀರಿನೊಳಗೇ ಉಳಿಯುತ್ತದೆ. ಅಣೆಕಟ್ಟು ಒಡೆಯಲಿಲ್ಲ, ದೀಪ ಆರಲಿಲ್ಲ. ಕೀಟಕ್ಕೆ ವಾರದಲ್ಲಿ ಎರಡು ದಿನ ಸಿಕ್ಕಿತು. ಇಷ್ಟು ಅಗ್ಗದ ದಾರಿ ಇರುವಾಗ ಅದನ್ನು ಹುಡುಕದೇ ಇರುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ.

ಎಲ್ಲ ಕಡೆಯೂ ಇಂಥ ದಾರಿ ಇರುವುದಿಲ್ಲ. ಅಮೆರಿಕದ್ದೇ ಆದ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯ ಎರಡು ಅಣೆಕಟ್ಟುಗಳಲ್ಲಿ ಮೀನು ಹತ್ತಲು ಏಣಿಯೇ ಇರಲಿಲ್ಲ. ನೀರನ್ನು ಯಾವ ಹೊತ್ತಿನಲ್ಲಿ ಬಿಟ್ಟರೂ, ಮೊಟ್ಟೆ ಇಡಲು ಸಮುದ್ರದಿಂದ ನದಿಯ ಮೇಲಕ್ಕೆ ಈಜಿ ಬರುವ ಸ್ಯಾಮನ್ ಮೀನು ಗೋಡೆ ದಾಟಲಾರದು. 2011ರಿಂದ 2014ರವರೆಗೆ ಎರಡನ್ನೂ ಕೆಡವಿದರು. ಆದರೆ ಮೀನು ಚೇತರಿಸಿಕೊಳ್ಳಲೆಂದು ಆ ನದಿಯಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಅಣೆಕಟ್ಟು ಇದ್ದಾಗ ಮೀನು ಕಳೆದುಕೊಂಡಿದ್ದ, ಆ ನದಿಯ ಮೂಲನಿವಾಸಿಗಳಾದ ಕ್ಲಾಲಮ್ ಬುಡಕಟ್ಟಿನವರೇ ಅದು ಹೋದ ಮೇಲೂ ವರ್ಷಗಟ್ಟಲೆ ಬಲೆ ಮಡಚಿಟ್ಟು ಕಾದರು. 2023ರ ಅಕ್ಟೋಬರ್‌ನಲ್ಲಿ ಅವರು ತಮ್ಮ ನದಿಯಲ್ಲಿ ಮತ್ತೆ ಸ್ಯಾಮನ್ ಹಿಡಿದರು.